ನೀಲದ ಬೆನ್ನ ಮೇಲೊಂದು ಗೀರು

ಯಾರಾದರೂ ಕೈಕೆಲಸ ಮಾಡುತ್ತಿದ್ದರೆ ಎದುರಿಗೆ ಕೂತು ಕಣ್ಣು ಕೀಳದೆ ನೋಡುವ ಕೆಟ್ಟ ಚಾಳಿಯೊಂದು ನನಗಿದೆ. ಮೊನ್ನೆ ನೆರೂಳ ಸ್ಟೇಷನ್ನಿನ ಹೊರಗೆ ಮೊಬೈಲು ರಿಪೇರಿಗೆ ಕೊಟ್ಟಾಗಲೂ ಹಾಗೇ ಆಯಿತು. ಅಂಗಡಿಯವನಿಗೆ ನನ್ನದೇ ವಯಸ್ಸು, ಅರ್ಧ ತಲೆ ನೆರೆತಿದೆ. "ಏಕ್ ಘಂಟಾ ಲಗೇಗಾ ಮೇಡಂ, ಘೂಮ್‌ಕೇ ಆಯಿಯೇ" ಎಂದ. ನಾನು ಸುತ್ತಾಡಲು ಹೋಗದೆ ಸ್ಟೂಲು ಎಳೆದುಕೊಂಡು ಕೂತೆ. ಅವನು ಕಣ್ಣಿಗೆ ಕಾಣದಷ್ಟು ಸಣ್ಣ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ ಬಟ್ಟಲಿಗೆ ಹಾಕಿದ, ನಾನು ಬಾಗಿ ನೋಡಿದೆ. ಬಿಸಿ ಕಡ್ಡಿಯ ತುದಿಯನ್ನು ಎಲ್ಲಿಗೋ ಮುಟ್ಟಿಸಿದಾಗ ಒಂದೆಳೆ ಹೊಗೆ ಎದ್ದಿತು, ನಾನು ಅರ್ಧ ಎದ್ದು ನಿಂತೆ. ಅವನಿಗೆ ಸಾಕಾಯಿತು. "ಮೇಡಂ, ಇಸ್ಮೇಂ ಚುರಾನೇ ಜೈಸಾ ಕುಛ್ ಹೈ ಹೀ ನಹೀಂ" ಎಂದ, ಕದಿಯುವಂಥದ್ದು ಇದರಲ್ಲಿ ಏನೂ ಇಲ್ಲವೆಂದು.

ಪಕ್ಕದಲ್ಲಿದ್ದ ಮಗಳು ನಾಚಿಕೆಯಿಂದ ನನ್ನ ತೋಳು ಜಗ್ಗಿದಳು. "ಅಮ್ಮಾ, ಚಲ್ ನಾ. ಕಿತೀ ಬಘತೇಸ್!" ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ. ಉತ್ತರ ಮಾತ್ರ ಮರಾಠಿಯಲ್ಲೋ ಹಿಂದಿಯಲ್ಲೋ. ಎಷ್ಟು ನೋಡ್ತೀ ಎಂದು ಅವಳು ಕೇಳಿದ್ದಕ್ಕೆ ನನ್ನ ಬಳಿ ಉತ್ತರವಿದೆ. ಆದರೆ ಅದು ಉದ್ದದ್ದು, ಮತ್ತು ಈಚೆಗೆ ನನಗೆ ಉದ್ದದ್ದನ್ನು ಹೇಳುವಷ್ಟು ಉಸಿರಿರುವುದಿಲ್ಲ. ನಿಮಗಾದರೆ ಬರೆದು ಮುಗಿಸಬಹುದು.

ಚಿನ್ನದ ಕೆಲಸಕ್ಕೆ ಕೊಟ್ಟ ಮೇಲೆ ಅಕ್ಕಸಾಲಿ ಆಚಾರ್ರ ಎದುರಿನಿಂದ ಏಳಬಾರದು ಎಂಬುದು ನಮ್ಮೂರ ಕಡೆಯ ಹೆಂಗಸರು ಎಂದೂ ಮುರಿಯದ ಕಟ್ಟಳೆ. ನಾನು ಮೂರನೆಯ ಕ್ಲಾಸಿನಲ್ಲಿದ್ದಾಗ ಅಮ್ಮ ಸವೆದ ಬಳೆಗಳನ್ನು ಕರಗಿಸಲು ಕಾರ್ಕಳಕ್ಕೆ ಹೊರಟವಳು ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಡಬ್ಬಿಯಲ್ಲಿ ಅವಲಕ್ಕಿ, ಕುಪ್ಪಿಯಲ್ಲಿ ನೀರು. ಯುದ್ಧಕ್ಕೆ ಹೋದ ಹಾಗೆ ಹೋಗಿ ಬೆಳಗಿನಿಂದ ಸಂಜೆಯವರೆಗೆ ಕೂತೆವು. ಆಚಾರ್ರು ಕೆನ್ನೆ ಉಬ್ಬಿಸಿ ಕೊಳವೆ ಊದುತ್ತಿದ್ದರು, ಕೆಂಡ ಕೆಂಪಾಗಿ ಬಿಳಿಯಾಗುತ್ತಿತ್ತು, ಅಂಟುವಾಳದ ನೊರೆಯ ವಾಸನೆ ಮೂಗಿಗೆ ಹತ್ತುತ್ತಿತ್ತು. ನಡುವೆ ಅಮ್ಮನಿಗೆ ಹಿತ್ತಲಿಗೆ ಹೋಗಬೇಕಾಯಿತು. ನನ್ನ ಕಿವಿಯ ಹತ್ತಿರ ಬಂದು, "ನೋಡ್ತಾ ಇರು" ಎಂದು ಹೇಳಿ ಹೋದಳು. ನಾನು ಹೇಗೆ ನೋಡಿದೆನೆಂದರೆ ಆಚಾರ್ರು ನಗು ತಡೆಯಲಾರದೆ ಕೊಳವೆ ಕೆಳಗಿಟ್ಟು, "ಮಗೂ, ನಿನ್ನ ಕಣ್ಣೇ ಉದುರಿ ಬೀಳ್ತದೆ" ಎಂದರು. ಅಮ್ಮ ವಾಪಸು ಬಂದು ನನ್ನನ್ನು ಕೇಳಿದ್ದು ಒಂದೇ ಮಾತು: "ನೋಡಿದಿಯಾ?" ಪರೀಕ್ಷೆಯಲ್ಲಿ ಪಾಸಾದಂತೆ ತಲೆಯಾಡಿಸಿದೆ. ನನ್ನೆದುರು ಕೂತವರನ್ನು ಕಳ್ಳರೆಂದು ಎಣಿಸಿ ನೋಡುತ್ತಿದ್ದೇನೆ ಎಂದು ಆಗ ಹೊಳೆದಿರಲಿಲ್ಲ. ನಾನು ಜವಾಬ್ದಾರಿ ಎಂದುಕೊಂಡಿದ್ದೆ.

ಮುಂದೆ ಕಾಲೇಜಿನಲ್ಲಿ ಭೂವಿಜ್ಞಾನ ಓದಿದೆ. ಆಸಕ್ತಿಯಿಂದ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ನಿಜವಾಗಿ ಅದೊಂದರಲ್ಲಿ ಸೀಟು ಉಳಿದಿತ್ತು. ಮದುವೆಯಾಗಿ ಡೊಂಬಿವಲಿಗೆ ಬಂದಾಗ ನನ್ನ ಅತ್ತೆ ನೆರೆಮನೆಯವರಿಗೆಲ್ಲ "ಸೊಸೆ ಕಲ್ಲು ಕಲ್ತವಳು" ಎಂದು ಪರಿಚಯ ಮಾಡಿಸಿದರು. ಕೆಲಸ ಸಿಕ್ಕಿದ್ದು ಮಹಾಪೆಯ ಒಂದು ಸಣ್ಣ ಪ್ರಯೋಗಾಲಯದಲ್ಲಿ. ಅಲ್ಲಿ ರಸ್ತೆಗೆ ಹಾಕುವ ಜಲ್ಲಿಯನ್ನು ಯಂತ್ರದಲ್ಲಿಟ್ಟು ಎಷ್ಟು ಭಾರಕ್ಕೆ ಪುಡಿಯಾಗುತ್ತದೆಂದು ಬರೆಯಬೇಕು. ಇಷ್ಟು ಗೊತ್ತಾದ ದಿನ ಅತ್ತೆಯ ಉತ್ಸಾಹ ಇಳಿಯಿತು. "ಜಲ್ಲಿಯಾ? ಅದಕ್ಕೆ ಡಿಗ್ರಿ ಎಂತಕ್ಕೆ ಮಾರಾಯ್ತಿ? ಸುತ್ತಿಗೆ ಸಾಕಲ್ಲ."

ಅವರ ಬೇಸರಕ್ಕೆ ಕಾರಣವಿತ್ತು. ಅವರ ಬಳಿ ನಿಜವಾದ ಕಲ್ಲಿತ್ತು. ಅವರ ಅಜ್ಜ ಕೊಲಂಬೊದಲ್ಲಿ ಹೋಟೆಲು ನಡೆಸುತ್ತಿದ್ದವರು, ವಾಪಸು ಬರುವಾಗ ಒಂದು ನೀಲ ತಂದಿದ್ದರಂತೆ. ಮದರಾಸಿನಲ್ಲಿ ಅದರ ಸುತ್ತ ಏಳು ವಜ್ರ ಕೂರಿಸಿ ಪದಕ ಮಾಡಿಸಿದರಂತೆ. ಪದಕ ಅಜ್ಜಿಗೆ, ಅಜ್ಜಿಯಿಂದ ಅತ್ತೆಯ ತಾಯಿಗೆ, ಅಲ್ಲಿಂದ ಅತ್ತೆಗೆ ಬಂತು. ದೀಪಾವಳಿಗೆ ಒಮ್ಮೆ ಕಪಾಟಿನಿಂದ ಹೊರಬರುತ್ತಿತ್ತು. ಮೊದಲ ಸಲ ನನ್ನ ಕೈಗೆ ಕೊಟ್ಟಾಗ ಆಫೀಸಿನ ಭೂತಕನ್ನಡಿ ಹಿಡಿದು ನೋಡಿದೆ. ಒಳಗೆ ರೇಷ್ಮೆಯ ಎಳೆಗಳಂತೆ ಸಣ್ಣ ಸೂಜಿಗಳು ಒಂದನ್ನೊಂದು ಹಾಯ್ದು ಮಲಗಿದ್ದವು. ಸಿಂಹಳದ ನೀಲದಲ್ಲಿ ಇಂಥ ಎಳೆಗಳಿರುತ್ತವೆ. ಕಲ್ಲಿನ ಊರು ಗೊತ್ತಾಗುವುದೇ ಅದರ ಒಳಗಿನ ಕೊರತೆಗಳಿಂದ. ಕೊರತೆಯಿಲ್ಲದ ಕಲ್ಲು ತನ್ನ ಬಗ್ಗೆ ಏನೂ ಹೇಳುವುದಿಲ್ಲ. "ಇದು ರತ್ನಪುರದ ಕಡೆ ಗದ್ದೆಯಡಿಯ ಮರಳಿನಲ್ಲಿ ಸಿಕ್ಕಿದ್ದಿರಬೇಕು ಅತ್ತೆ. ಗುಂಡಿ ತೋಡಿ ಮರಳೆತ್ತಿ ಬುಟ್ಟಿಯಲ್ಲಿ ತೊಳೀತಾರೆ" ಎಂದೆ. ಅತ್ತೆಗೆ ಸಮಾಧಾನವಾಗಲಿಲ್ಲ. ತೊಳೆದ ಅಕ್ಕಿಯಂತೆ ಬುಟ್ಟಿಯಲ್ಲಿ ಸಿಕ್ಕಿತೆಂದರೆ ಯಾರಿಗೆ ತಾನೇ ಖುಷಿ? ಕಾಶ್ಮೀರದಲ್ಲಿ ಗುಡ್ಡ ಜರಿದು ಬಿದ್ದಾಗ ನೀಲಗಳು ಕಂಡವು, ಕುರಿಗಾಹಿಗಳು ಅವನ್ನು ಉಪ್ಪಿಗೆ ಬದಲಾಗಿ ಕೊಟ್ಟರು ಎಂಬ ಕಥೆಯನ್ನೂ ಹೇಳಿದೆ. ಅದು ಹಿಡಿಸಿತು. "ನಮ್ಮದೂ ಅದೇ ಇರಬಹುದಲ್ಲ?" ಎಂದರು. ನಾನು ಹೌದೆನ್ನಬಹುದಿತ್ತು. ಕಲಿತವಳ ಕೊಬ್ಬು, ಅಲ್ಲವೆಂದೆ.

ನಮ್ಮ ಠಾಣೆಯ ಕಡೆಯ ಗುಡ್ಡಗಳ ಬಗ್ಗೆ ನನಗೊಂದು ಹಳೆಯ ಮುನಿಸಿದೆ. ಎಲ್ಲ ಲಾವಾ ಹರಿದು ಗಟ್ಟಿಯಾದ ಕಪ್ಪು ಕಲ್ಲು. ಇಷ್ಟೊಂದು ಬೆಂಕಿ ಕಂಡ ನೆಲದಲ್ಲಿ ಒಂದು ವಜ್ರವಿಲ್ಲ, ಒಂದು ನೀಲವಿಲ್ಲ. ವಜ್ರವನ್ನು ಮೇಲೆ ತರುವುದಕ್ಕೆ ಬೇರೆಯೇ ಬಗೆಯ, ಬಹಳ ಆಳದಿಂದ ಉಕ್ಕುವ ಜ್ವಾಲಾಮುಖಿ ಬೇಕು. ನಮ್ಮದು ಉಕ್ಕಿತು, ಹರಿಯಿತು, ಜಲ್ಲಿಯಾಯಿತು.

ಆ ನಡುವೆ ಒಂದು ವರ್ಷ ರಬಾಳೆಯ ಕಂಪನಿಗಳಲ್ಲಿ ಜನರನ್ನು ಕೆಲಸದಿಂದ ಕಡಿಮೆ ಮಾಡತೊಡಗಿದರು. ನನ್ನ ಗಂಡನ ಕಂಪನಿಯಲ್ಲೂ ದಿನಕ್ಕೊಬ್ಬರ ಮೇಜು ಖಾಲಿಯಾಗುತ್ತಿತ್ತು. ಅತ್ತೆ ಮಗನ ಜಾತಕ ತೋರಿಸಿಕೊಂಡು ಬಂದರು. ಸಾಡೇಸಾತಿ, ಏಳೂವರೆ ವರ್ಷದ ಶನಿಕಾಟ. ನೀಲ ಧರಿಸಬೇಕು, ಉಂಗುರದಲ್ಲಿ ನಡುಬೆರಳಿಗೆ, ಕಲ್ಲಿನ ಬೆನ್ನು ಚರ್ಮಕ್ಕೆ ತಾಗುವ ಹಾಗೆ. ಅಜ್ಜನ ಪದಕದಲ್ಲಿ ಹಿಂಬದಿ ಚಿನ್ನದ ತಗಡಿನಿಂದ ಮುಚ್ಚಿತ್ತು. ಹಾಗಾಗಿ ಪದಕ ಒಡೆದು ಉಂಗುರ ಮಾಡಿಸಬೇಕು. ಮೂರು ಪೀಳಿಗೆಯ ಪದಕ ಒಡೆಯುವ ಮಾತು ಆಡುವಾಗ ಅತ್ತೆಯ ಮುಖ ಸಣ್ಣದಾಗಿತ್ತು. ಮಗನಿಗಾಗಿ ಆಡಿದರು.

ಡೊಂಬಿವಲಿ ಪೂರ್ವದಲ್ಲಿ ಝೆರಾಕ್ಸ್ ಅಂಗಡಿಯೊಂದರ ಮೇಲಿನ ಮಾಳಿಗೆಯಲ್ಲಿ ವಾಸು ಆಚಾರ್ರ ಕೆಲಸದ ಜಾಗ. ಅವರೂ ನಮ್ಮ ಕಡೆಯವರೇ, ಹಿರಿಯಡ್ಕದ ಹತ್ತಿರದವರು. ಊರವರ ಬಂಗಾರವೆಲ್ಲ ಅವರ ಕೈಯಲ್ಲೇ ಹಾದು ಹೋಗುತ್ತಿತ್ತು. ಮೊಣಕಾಲು ನೋವಿನ ಅತ್ತೆಗೆ ಅಲ್ಲಿನ ಕಬ್ಬಿಣದ ಮೆಟ್ಟಿಲು ಹತ್ತಲಾಗುವುದಿಲ್ಲ. ನಾನು ರಜೆ ಹಾಕಿದೆ. ಹೊರಡುವಾಗ ಅತ್ತೆ ನನ್ನ ಕಿವಿಯ ಹತ್ತಿರ ಬಂದರು. ಅವರು ಹೇಳುವ ಮೊದಲೇ ನಾನು "ಗೊತ್ತುಂಟು ಅತ್ತೆ, ನೋಡ್ತಾ ಇರ್ತೇನೆ" ಎಂದೆ.

ಆಚಾರ್ರು ಪದಕದ ತಗಡು ಬಿಡಿಸಿ ನೀಲವನ್ನೂ ವಜ್ರಗಳನ್ನೂ ಒಂದು ಹಿತ್ತಾಳೆ ತಟ್ಟೆಗೆ ಹಾಕಿದರು. "ಒಂದು, ಎರಡು..." ಎಂದು ಏಳರವರೆಗೆ ನನ್ನಿಂದಲೇ ಹೇಳಿಸಿದರು. ಆಮೇಲೆ ಬೆಸುಗೆಗೆ ಗ್ಯಾಸ್ ಹಚ್ಚಿದರು. ಈಗ ಊದುಕೊಳವೆಯಿಲ್ಲ, ಸಿಲಿಂಡರು, ರಬ್ಬರು ನಳಿಗೆ, ತುದಿಯಲ್ಲಿ ಸೀಟಿ ಹೊಡೆಯುವ ನೀಲಿ ಜ್ವಾಲೆ.

"ಅಕ್ಕ, ಒಂದು ಸಲ ರೆಪ್ಪೆ ಹೊಡೀರಿ. ಕಣ್ಣು ಒಣಗ್ತದೆ."

ನನಗೆ ನಾಚಿಕೆಯಾಯಿತು. "ಹಾಗಲ್ಲ ಆಚಾರ್ರೇ, ಅತ್ತೆ ಹೇಳಿದ್ದು..."

"ಬೇಸರ ಎಂತ ಇಲ್ಲ. ನನ್ನ ಅಪ್ಪನ ಎದುರೂ ಹೀಗೇ ಕೂತಿರ್ತಿದ್ರು. ನೋಡುವವರಿದ್ರೆ ನಮಗೇ ಒಳ್ಳೇದು, ನಾಳೆ ಮಾತು ಬರುದಿಲ್ಲ." ಜ್ವಾಲೆ ಸಣ್ಣದು ಮಾಡಿ ಕೇಳಿದರು: "ನೀವು ಕಲ್ಲಿನ ಡಾಕ್ಟ್ರಂತೆ ಹೌದಾ? ಹೇಳಿ ನೋಡುವ, ಬೆಂಕಿಗೆ ಯಾವುದು ತಡೀತದೆ? ನೀಲವಾ, ವಜ್ರವಾ?"

"ನೀಲ. ವಜ್ರ ಅಂದ್ರೆ ಇದ್ದಲೇ ಅಲ್ವಾ, ಜಾಸ್ತಿ ಕಾದ್ರೆ ಹಾಲಿನ ಹಾಗೆ ಬೆಳ್ಳಗಾಗ್ತದೆ. ನೀಲಕ್ಕೆ ಈ ಬೆಂಕಿ ಲೆಕ್ಕಕ್ಕೇ ಇಲ್ಲ."

"ಪಾಸ್!" ಎಂದು ಆಚಾರ್ರು ನಕ್ಕರು.

ಈ ಮಾತನ್ನು ನಾನು ಎಷ್ಟು ಸಲ ನೆನೆಸಿಕೊಂಡಿದ್ದೇನೋ. ಇದಾಗಿ ಐದು ನಿಮಿಷವೂ ಆಗಿರಲಿಲ್ಲ, ನಳಿಗೆಯ ನಡುವಿನಿಂದ ಸಣ್ಣಗೆ ಒಂದು ಶಬ್ದ ಬಂತು, ಯಾರೋ ತುಟಿ ಕೊಂಚ ತೆರೆದು ಉಸಿರು ಬಿಟ್ಟ ಹಾಗೆ. ನಾನು ನಳಿಗೆಯ ಕಡೆ ನೋಡಲಿಲ್ಲ. ನಾನು ತಟ್ಟೆ ನೋಡುತ್ತಿದ್ದೆ. ಮರುಕ್ಷಣ ನಳಿಗೆಯ ಉದ್ದಕ್ಕೂ ಬೆಂಕಿ ಓಡಿ ಕೆಲಸದ ಹಲಗೆಯನ್ನು ಹತ್ತಿತು. ಸಿಲಿಂಡರಿನ ತಿರುಪು ಬೆಂಕಿಯ ಆಚೆಗಿತ್ತು. "ಹೊರಗೆ ಅಕ್ಕ, ಹೊರಗೆ!" ಎಂದು ಆಚಾರ್ರು ನನ್ನನ್ನು ಮೆಟ್ಟಿಲಿಗೆ ತಳ್ಳಿ ತಾವೂ ಹಿಂದೆಯೇ ಬಂದರು. ಕೆಳಗಿನಿಂದ ಝೆರಾಕ್ಸಿನ ಕಾಕಾ, "ವಹಿನೀ, ಖಾಲೀ ಯಾ! ಪಟ್‌ಕನ್!" ಎಂದು, ಬೇಗ ಕೆಳಗಿಳಿಯುವಂತೆ ಕೂಗುತ್ತಿದ್ದರು. ನಾನು ನಾಲ್ಕು ಮೆಟ್ಟಿಲು ಇಳಿದಿದ್ದೆ. ಆಚಾರ್ರು ನನ್ನ ಹಿಂದಿನ ಮೆಟ್ಟಿಲಲ್ಲಿದ್ದರು. ಅವರ ಕೈ ಕಂಬಿಯ ಮೇಲಿತ್ತು. ಇಬ್ಬರೂ ಪಾರಾಗಿದ್ದೆವು.

ಆಗ ನಾನು ತಿರುಗಿ ಕಿರುಚಿದೆ: "ಕಲ್ಲು! ಆಚಾರ್ರೇ, ಕಲ್ಲು!"

ಅವರು ನನ್ನ ಮುಖವನ್ನೊಮ್ಮೆ ನೋಡಿ ಮೇಲೆ ಹೋದರು.

ಹತ್ತು ಸೆಕೆಂಡು ಇದ್ದಿರಬಹುದು. ನನ್ನ ಮಟ್ಟಿಗೆ ಅದು ಇನ್ನೂ ಮುಗಿದಿಲ್ಲ. ಲೋಕಲ್ ಗಾಡಿಯಲ್ಲಿ ನಿಂತಿರುವಾಗ, ಒಲೆಯ ಮೇಲೆ ಹಾಲಿಟ್ಟಾಗ, ನಾನು ಆ ಮೆಟ್ಟಿಲಲ್ಲೇ ಇರುತ್ತೇನೆ. ಬೇರೆ ಮಾತುಗಳನ್ನು ಹೇಳಿ ನೋಡುತ್ತೇನೆ. ಬಿಡಿ ಆಚಾರ್ರೇ, ನೀಲ ಸುಡುವುದಿಲ್ಲ. ನಾಳೆ ಬೂದಿಯಲ್ಲಿ ಹೆಕ್ಕಿದರಾಯಿತು. ಭೂಮಿಯ ಹೊಟ್ಟೆಯಲ್ಲಿ ಕುದ್ದು ಬಂದ ಕಲ್ಲಿಗೆ ಈ ಮಾಳಿಗೆಯ ಬೆಂಕಿ ಏನು ಮಾಡೀತು? ಐದು ನಿಮಿಷದ ಹಿಂದೆ ಪಾಸಾದ ಉತ್ತರ! ಮೂರು ವರ್ಷ ಓದಿದ್ದರಲ್ಲಿ ಬದುಕಿನಲ್ಲಿ ಒಮ್ಮೆ ಉಪಯೋಗಕ್ಕೆ ಬರಬಹುದಾಗಿದ್ದ ಒಂದು ವಾಕ್ಯ ನಾಲಗೆಗೆ ಬರಲಿಲ್ಲ. ಬಂದದ್ದು ಮೂರನೆಯ ಕ್ಲಾಸಿನ ಹುಡುಗಿಯ ಜವಾಬ್ದಾರಿ.

ಆಚಾರ್ರು ತಟ್ಟೆಯನ್ನು ಬಲಗೈಯಲ್ಲಿ ಹಿಡಿದು ಬಂದರು. ಕಾದ ಹಿತ್ತಾಳೆ. ಕೆಳಗೆ ಬರುವವರೆಗೂ ಬಿಡಲಿಲ್ಲ. ಪಕ್ಕದ ಕಬ್ಬಿನ ಹಾಲಿನ ಗಾಡಿಯಲ್ಲಿ ಮಂಜುಗಡ್ಡೆಗೆ ಹೊದಿಸಿದ್ದ ಒದ್ದೆ ಗೋಣಿಗಳನ್ನು ಎಳೆದುಕೊಂಡು ಕಾಕಾ ಮೇಲೆ ಓಡಿದರು, ಹೇಗೋ ತಿರುಪು ಮುಚ್ಚಿದರು. ಸಿಲಿಂಡರು ಒಡೆಯಲಿಲ್ಲ. ಆಚಾರ್ರ ಅಂಗೈಯ, ಬೆರಳುಗಳ ಚರ್ಮ ತಟ್ಟೆಯ ಅಂಚಿಗೆ ಅಂಟಿಕೊಂಡಿತ್ತು. ಅದನ್ನು ಇದಕ್ಕಿಂತ ಹೆಚ್ಚು ಬರೆಯಲಾರೆ. ಅವರನ್ನು ರಿಕ್ಷಾದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ತಟ್ಟೆಯಲ್ಲಿದ್ದದ್ದು ನನ್ನ ಕರವಸ್ತ್ರದಲ್ಲಿತ್ತು. ದಾರಿಯಲ್ಲಿ ಆಚಾರ್ರು ಹಲ್ಲು ಕಚ್ಚಿಕೊಂಡೇ ಹೇಳಿದರು: "ಎಣಿಸಿ ಅಕ್ಕ."

ನಾನು ಎಣಿಸಲಿಲ್ಲ. ಮನೆಯಲ್ಲಿ ಅತ್ತೆ ಎಣಿಸಿದರು. ನೀಲ ಒಂದು. ವಜ್ರ ಆರು.

"ಏಳಿತ್ತಲ್ಲ?"

"ಗಡಿಬಿಡಿಯಲ್ಲಿ ಬಿದ್ದಿರಬೇಕು ಅತ್ತೆ. ಅವರ ಕೈ ನೋಡಿದ್ರೆ ನೀವು ಹೀಗೆ ಕೇಳ್ತಿರಲಿಲ್ಲ."

"ಕೈಯ ಮಾತು ಬೇರೆ. ನೀನು ನೋಡ್ತಾ ಇದ್ದಿಯಲ್ಲ?"

ಅತ್ತೆ ಕೆಟ್ಟವರಲ್ಲ. ಅಂದು ಸಂಜೆ ಅವರೇ ಗಂಜಿ ಮಾಡಿ ಮಗನ ಕೈಯಲ್ಲಿ ಆಸ್ಪತ್ರೆಗೆ ಕಳಿಸಿದರು. ಆದರೆ ಮರುದಿನ ಫೋನಿನಲ್ಲಿ ತಂಗಿಯ ಹತ್ತಿರ, "ನಮಗೆ ಬರುದಿದ್ದದ್ದು ಅವನ ಮೇಲೆ ಹೋಯ್ತು ನೋಡು, ನೀಲದ ಮಹಿಮೆ. ಆದ್ರೆ ಒಂದು ವಜ್ರ ಇಲ್ಲ" ಎಂದು ಹೇಳುತ್ತಿದ್ದುದು ಕೇಳಿಸಿತು. ಆ ಕೊನೆಯ ಮಾತು ಊರವರ ನಡುವೆ ಹಬ್ಬುವುದಕ್ಕೆ ಒಂದು ವಾರ ಸಾಕಾಯಿತು. ಅರಿಸಿನ ಕುಂಕುಮಕ್ಕೆ ಹೋದ ಕಡೆ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ಹೌದಾ, ಬೆಂಕಿ ಅವರೇ ಹಚ್ಚಿಕೊಂಡದ್ದಂತೆ?"

ಆಸ್ಪತ್ರೆಗೆ ಹೋಗಿ ಆಚಾರ್ರ ಮುಂದೆ ಕೂತು, ನಾನು ಕೂಗಬಾರದಿತ್ತು ಎಂದೆ. "ನೀವು ಕೂಗದಿದ್ರೂ ನಾನು ಹೋಗ್ತಿದ್ದೆ" ಎಂದರು. ನಿಜವೋ, ನನಗಾಗಿ ಹೇಳಿದ್ದೋ, ಇವತ್ತಿಗೂ ತಿಳಿಯದು. ಆಮೇಲೆ ಮೆಲ್ಲಗೆ, "ಒಂದು ಕಮ್ಮಿ ಉಂಟಂತೆ" ಎಂದರು. ಅವರ ಕಿವಿಗೂ ಬಿದ್ದಿತ್ತು.

ಮೂರು ವಾರದ ನಂತರ ಆಚಾರ್ರೇ ಮನೆಗೆ ಬಂದರು. ಬಲಗೈ ಪೂರ್ತಿ ಬಿಳಿ ಬಟ್ಟೆ. ಎಡಗೈಯಿಂದ ಮಡಚಿದ ಕಾಗದವೊಂದನ್ನು ಅತ್ತೆಯ ಮುಂದಿಟ್ಟರು. ಮಾಳಿಗೆಯ ಬೂದಿ, ಮಸಿ, ಹಲಗೆಯ ಚೂರು, ಎಲ್ಲವನ್ನೂ ಗೋಣಿಯಲ್ಲಿ ತುಂಬಿಸಿಟ್ಟು ಎಡಗೈಯಿಂದ ಸ್ವಲ್ಪ ಸ್ವಲ್ಪವಾಗಿ ನೀರಿನಲ್ಲಿ ಜಾಲಿಸಿದರಂತೆ. ರತ್ನಪುರದವರ ಹಾಗೆಯೇ. ಕಾಗದದಲ್ಲಿ ಒಂದು ಕಲ್ಲಿತ್ತು. ನುಚ್ಚಕ್ಕಿಯ ಕಾಳಿನಂತೆ, ಹೊಳಪೇ ಇಲ್ಲದ ಬಿಳಿ.

ಅತ್ತೆ ಅದನ್ನು ಬೆಳಕಿಗೆ ಹಿಡಿದು ಕೆಳಗಿಟ್ಟರು. "ಇದು ನಮ್ಮದಲ್ಲ ಆಚಾರ್ರೇ."

ಆಚಾರ್ರು ನನ್ನ ಕಡೆ ನೋಡಿದರು, ಅಂದು ಮೆಟ್ಟಿಲಲ್ಲಿ ನೋಡಿದ ಹಾಗೆಯೇ.

"ಅತ್ತೆ, ಇದು ವಜ್ರವೇ. ಬೆಂಕಿಯಲ್ಲಿ ಮೇಲ್ಮೈ ಸುಟ್ಟು ಬೆಳ್ಳಗಾಗಿದೆ. ಉಜ್ಜಿಸಿದ್ರೆ ಒಳಗೆ ಮೊದಲಿನ ಹಾಗೇ ಇರ್ತದೆ."

"ವಜ್ರ ಸುಡ್ತದಾ? ನೀನು ಜಲ್ಲಿ ನೋಡುವವಳು, ಸುಮ್ಮನಿರು."

ಸುಮ್ಮನಿರಬಹುದಿತ್ತು. ಅಷ್ಟರಲ್ಲಿ ನನ್ನ ಕೈ ಎದ್ದು ಕಪಾಟು ತೆಗೆದಿತ್ತು. ನೀಲವನ್ನು ತಂದು ಮೇಜಿನ ಮೇಲೆ ಬೆನ್ನು ಮೇಲಾಗಿ ಇಟ್ಟೆ. ದೇವರ ಮುಂದಿದ್ದ ಮೇಣದ ಬತ್ತಿಯ ಮೇಣವನ್ನು ಪೆನ್ಸಿಲ್ಲಿನ ತುದಿಗೆ ತೊಟ್ಟಿಕ್ಕಿಸಿ, ಆ ಬಿಳಿ ಕಲ್ಲನ್ನು ಅದಕ್ಕೆ ಅಂಟಿಸಿದೆ. "ನೀಲವನ್ನು ಗೀರುವ ಕಲ್ಲು ಲೋಕದಲ್ಲಿ ವಜ್ರ ಒಂದೇ ಅತ್ತೆ. ಗಾಜೋ ಬೇರೆಯದೋ ಆದ್ರೆ ಇದೇ ಪುಡಿಯಾಗ್ತದೆ" ಎಂದೆ. ಇದು ಪೂರ್ತಿ ನಿಜವಲ್ಲ. ಗೀರಬಲ್ಲ ಇನ್ನೂ ಒಂದೆರಡು ಪದಾರ್ಥಗಳಿವೆ, ಪ್ರಯೋಗಾಲಯದಲ್ಲಿ ಮಾಡಿದಂಥವು. ಅದನ್ನು ಹೇಳಲಿಲ್ಲ. ಕಾಶ್ಮೀರದ ವಿಷಯದಲ್ಲಿ ತೋರಿಸಿದ ಕೊಬ್ಬನ್ನು ಅಂದು ತೋರಿಸಲಿಲ್ಲ.

"ಎಂತ ಮಾಡ್ತಿದ್ದಿ? ಅಜ್ಜನ ಕಲ್ಲು ಅದು!"

"ಅಕ್ಕ, ಬೇಡ" ಎಂದು ಆಚಾರ್ರೂ ಎದ್ದರು.

ಒತ್ತಿ ಎಳೆದೆ. ಹಲ್ಲಿನ ಬೇರಿಗೆ ತಾಗುವಂಥ ಸಣ್ಣ ಶಬ್ದ. ಭೂತಕನ್ನಡಿಯನ್ನು ಅತ್ತೆಯ ಕೈಗೆ ಕೊಟ್ಟೆ. ಅವರು ಬಹಳ ಹೊತ್ತು ನೋಡಿದರು. ನೀಲದ ಬೆನ್ನ ಮೇಲೆ ಕೂದಲೆಳೆಯಷ್ಟು ಬಿಳಿ ಗೆರೆ. ಮೂರು ಪೀಳಿಗೆ ಮುಟ್ಟದ ಕಲ್ಲನ್ನು ಸೊಸೆ ಗೀರಿದ್ದಳು. ಬೈಯುತ್ತಾರೆಂದು ಕಾದೆ. ಅತ್ತೆ ಭೂತಕನ್ನಡಿ ಕೆಳಗಿಟ್ಟು ಆಚಾರ್ರ ಕಡೆ ನೋಡದೆ ಹೇಳಿದರು: "ಊಟ ಮಾಡಿ ಹೋಗಿ." ಆಚಾರ್ರು ಎಡಗೈಯಲ್ಲಿ ಚಮಚ ಹಿಡಿದು ಊಟ ಮಾಡಿದರು. ಅವರು ಮೆಟ್ಟಿಲಿಳಿದ ಮೇಲೆ ಅತ್ತೆ ತಂಗಿಗೆ ಫೋನು ಮಾಡಿದರು. "ಸಿಕ್ಕಿತು. ನಮ್ಮದೇ. ಎಲ್ಲರಿಗೂ ಹೇಳು" ಎಂದರು. ಆ ಕೊನೆಯ ಮಾತನ್ನು ಎರಡು ಸಲ ಹೇಳಿದರು.

ಉಂಗುರದ ಮಾತು ಮತ್ತೆ ಬರಲಿಲ್ಲ. ಗಂಡನ ಕೆಲಸ ಹೋಯಿತು, ಕೆಲವು ತಿಂಗಳ ನಂತರ ಬೇರೆ ಸಿಕ್ಕಿತು, ನಾವು ನೆರೂಳಕ್ಕೆ ಬಂದೆವು. ನೀಲ ಅದರಲ್ಲಿ ಕೈ ಹಾಕಿದಂತೆ ಕಾಣಲಿಲ್ಲ. ಮರುವರ್ಷ ಅತ್ತೆಯೇ, "ಪದಕ ಮೊದಲಿನ ಹಾಗೆ ಮಾಡಿಸು, ಅವರ ಹತ್ತಿರವೇ" ಎಂದರು. ಕಿವಿಯ ಹತ್ತಿರ ಬಂದು ಏನೂ ಹೇಳಲಿಲ್ಲ.

ಮಾಳಿಗೆಗೆ ಸುಣ್ಣ ಹೊಡೆಸಿದ್ದರು. ಹೊಸ ನಳಿಗೆ, ಸಿಲಿಂಡರು ಬಾಗಿಲ ಹೊರಗೆ. ಆಚಾರ್ರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ನೀಲ ತಿರುಗಿಸಿದರು. "ಈ ಗೀರು ಉಜ್ಜಿ ತೆಗೆಯುವವರಿದ್ದಾರೆ ಅಕ್ಕ. ಸೂರತ್ತಿಗೆ ಕಳಿಸುವನಾ?"

"ಬೇಡ. ಇರಲಿ."

ಪೊಟ್ಟಣ ಅವರ ಮುಂದಿಟ್ಟು ನಾನು ಎದ್ದೆ. ಇನ್ನು ಯಾರೆದುರೂ ಹಾಗೆ ಕೂರುವುದಿಲ್ಲ ಎಂದು ಒಂದು ವರ್ಷದಿಂದ ನಿಶ್ಚಯಿಸಿಕೊಂಡಿದ್ದೆ. "ನಾನು ಚಹಾ ಕುಡಿದು, ಮಾರ್ಕೆಟಿಗೆ ಹೋಗಿ ಸಂಜೆ ಬರ್ತೇನೆ. ನೀವು ನಿಧಾನಕ್ಕೆ ಮಾಡಿ."

"ಎಲ್ಲಿಗೆ? ಕೂತ್ಕೊಳ್ಳಿ."

"ಇಲ್ಲ ಆಚಾರ್ರೇ. ಇನ್ನು ನೋಡ್ತಾ ಕೂರುದಿಲ್ಲ."

ಆಚಾರ್ರು ಬಲಗೈ ಎತ್ತಿ ತೋರಿಸಿದರು. ಹೆಬ್ಬೆರಳು, ತೋರುಬೆರಳುಗಳ ತುದಿ ನುಣ್ಣಗೆ, ಗೆರೆಗಳೇ ಇಲ್ಲದೆ ಹೊಳೆಯುತ್ತಿದ್ದವು. "ಈ ಎರಡಕ್ಕೆ ಈಗ ಎಂತದೂ ಗೊತ್ತಾಗುದಿಲ್ಲ ಅಕ್ಕ. ಕಲ್ಲು ಹಿಡಿದಿದ್ದೇನಾ, ಬಿಟ್ಟಿದ್ದೇನಾ, ಕಣ್ಣಲ್ಲೇ ನೋಡಬೇಕು. ಮಸೂರ ಇಟ್ಟರೆ ಪಕ್ಕದಲ್ಲಿ ಬಿದ್ದದ್ದು ಕಾಣುದಿಲ್ಲ. ಬಿದ್ರೆ ಹೇಳ್ಲಿಕ್ಕೆ ಒಬ್ರು ಬೇಕು. ಕೂತ್ಕೊಳ್ಳಿ ಮಾರಾಯ್ತಿ, ನೀವು ಕಲಿತ ಕೆಲಸವೇ ಅಲ್ವಾ?"

ಕೂತೆ. ಬೆಳಗಿನಿಂದ ಮೂರು ಗಂಟೆಯವರೆಗೆ ಆ ಎರಡು ಬೆರಳುಗಳನ್ನು ನೋಡಿದೆ. ಎರಡು ಸಲ ವಜ್ರ ಜಾರಿತು, ಎರಡು ಸಲವೂ ನಾನೇ ಹೇಳಿದೆ. ಕೊನೆಗೆ ನೀಲವನ್ನು ನಡುವಿನ ಗುಂಡಿಗೆ ಇಳಿಸಿ ಸುತ್ತಲ ಚಿನ್ನವನ್ನು ಒತ್ತಿದರು. ಗೀರು ಒಳಗೆ ಹೋಯಿತು. ಆಚಾರ್ರು ಅಭ್ಯಾಸಬಲದಿಂದ ಹೆಬ್ಬೆರಳನ್ನು ಕಲ್ಲಿನ ಮೇಲಿಟ್ಟು ಅಲ್ಲಾಡಿಸಿ ನೋಡಲು ಹೋದರು. ನಡುವೆಯೇ ನಿಲ್ಲಿಸಿ, ಪದಕವನ್ನು ನನ್ನ ಕಡೆ ಚಾಚಿದರು.

"ನೀವು ಮುಟ್ಟಿ ಹೇಳಿ ಅಕ್ಕ. ಕೂತಿದೆಯಾ?"

ಬೆರಳಿಟ್ಟು ಒತ್ತಿದೆ. ಕಲ್ಲು ಇನ್ನೂ ಬೆಚ್ಚಗಿತ್ತು, ಅಲುಗಲಿಲ್ಲ.

"ಕೂತಿದೆ ಆಚಾರ್ರೇ" ಎಂದೆ.